ಹುಲಿ ಊರಿನ ಅಕ್ಟೋಬರ್

ಅಮೆರಿಕದ ಮಿಸೌರಿ ರಾಜ್ಯದಲ್ಲಿ ಕೊಲಂಬಿಯಾ ಅಂತ ಒಂದು ಊರಿದೆ. ಅಕ್ಟೋಬರ್ ಬಂತೆಂದರೆ ಅಲ್ಲಿ ಪೇಟೆಯ ಅಂಗಡಿಗಳ ಗಾಜಿನ ಮೇಲೆ ಹುಲಿ ಮೂಡುತ್ತದೆ. ಪಿಜ್ಜಾ ಅಂಗಡಿ, ಪುಸ್ತಕದಂಗಡಿ, ಬ್ಯಾಂಕು, ಕಟಿಂಗ್ ಶಾಪು, ಯಾವುದೂ ತಪ್ಪುವುದಿಲ್ಲ. ಹುಡುಗ ಹುಡುಗಿಯರು ಬಣ್ಣದ ಡಬ್ಬಿ ಹಿಡಿದು ಏಣಿ ಹತ್ತಿ ಕಪ್ಪು, ಹಳದಿ ಪಟ್ಟೆ ಬಳಿಯುತ್ತಿರುತ್ತಾರೆ. ಅಂಗಡಿಯವರು ಬೈಯುವುದಿಲ್ಲ. ಒಬ್ಬರು ಒಳಗಿನಿಂದ ಕಾಫಿ ತಂದುಕೊಟ್ಟು, ‘ಮೂತಿ ಸ್ವಲ್ಪ ಸೊಟ್ಟ ಆಯ್ತು’ ಅಂತ ತಿದ್ದಿಸಿದ್ದನ್ನೂ ನೋಡಿದ್ದೇನೆ.

ನಮ್ಮ ಕಾಲೇಜಿನಲ್ಲಿ ಬಿ.ಇ. ಮುಗಿಸಿ 2009ರಲ್ಲಿ ನಾನು ಅಲ್ಲಿನ ಮಿಸೌರಿ ವಿಶ್ವವಿದ್ಯಾಲಯಕ್ಕೆ ಎಂ.ಎಸ್. ಮಾಡಲು ಹೋದೆ. ಊರವರ ಬಾಯಲ್ಲಿ ಅದು ‘ಮಿಝೂ’. 1839ರಲ್ಲಿ ಶುರುವಾದದ್ದು. ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಅದೇ ಮೊದಲ ಸರ್ಕಾರಿ ವಿಶ್ವವಿದ್ಯಾಲಯ. ಹುಲಿ ಅದರ ಲಾಂಛನ. ಬೀದಿಯಲ್ಲಿ ಯಾರಾದರೂ ‘ಎಂ-ಐ-ಝೆಡ್’ ಅಂತ ಕೂಗಿದರೆ, ಪರಿಚಯ ಇರಲಿ ಬಿಡಲಿ, ನೀವು ‘ಝೆಡ್-ಓ-ಯು’ ಅಂತ ಕೂಗಬೇಕು. ನನ್ನ ಲ್ಯಾಬಿನ ಪ್ರೊಫೆಸರ್ ಕೂಡ ಪಾರ್ಕಿಂಗ್ ಜಾಗದಲ್ಲಿ ಹೀಗೆ ಕೂಗಿದವರು. ಮೊದಲ ಸಲ ನನಗೆ ನಾಚಿಕೆಯಾಗಿತ್ತು.

ಅಲ್ಲಿ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ವಾಪಸ್ ಬರುವ ಹಬ್ಬಕ್ಕೆ ಹೋಮ್‌ಕಮಿಂಗ್ ಅನ್ನುತ್ತಾರೆ. ದಿನಗಟ್ಟಲೆ ತಯಾರಿ ನಡೆದು, ಒಂದು ಶನಿವಾರ ಮೆರವಣಿಗೆ, ಫುಟ್‌ಬಾಲ್ ಪಂದ್ಯದೊಂದಿಗೆ ಮುಗಿಯುತ್ತದೆ. ಫುಟ್‌ಬಾಲ್ ಅಂದರೆ ನಾವು ಆಡುವುದಲ್ಲ. ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಒಬ್ಬರ ಮೇಲೊಬ್ಬರು ಬೀಳುವ ಅವರದೇ ಆಟ. ಅದರ ನಿಯಮ ನನಗೆ ಇವತ್ತಿಗೂ ಪೂರ್ತಿ ತಿಳಿಯದು. ಪಕ್ಕದವರು ಎದ್ದು ನಿಂತಾಗ ನಾನೂ ಎದ್ದು ನಿಲ್ಲುತ್ತಿದ್ದೆ, ಅಷ್ಟೇ.

ಇದು ಹುಟ್ಟಿದ ಕತೆ ಮಜವಾಗಿದೆ. ಮಿಸೌರಿಗೂ ಪಕ್ಕದ ಕಾನ್ಸಸ್‌ಗೂ ಹಳೆಯ ಹಗೆ. ಅಂತರ್ಯುದ್ಧದ ಕಾಲದಲ್ಲಿ ಗಡಿಯ ಎರಡೂ ಕಡೆಯವರು ಬೆಂಕಿ ಹಚ್ಚಿ ಕಾದಾಡಿದವರು. 1863ರಲ್ಲಿ ಮಿಸೌರಿ ಕಡೆಯ ಗುಂಪೊಂದು ಕಾನ್ಸಸ್‌ನ ಲಾರೆನ್ಸ್ ಊರನ್ನೇ ಸುಟ್ಟಿತ್ತು. ಕಾನ್ಸಸ್ ವಿಶ್ವವಿದ್ಯಾಲಯ ಇರುವುದು ಅದೇ ಲಾರೆನ್ಸ್‌ನಲ್ಲಿ! ಇವೆರಡರ ಫುಟ್‌ಬಾಲ್ ಪಂದ್ಯ 1891ರಲ್ಲಿ ಶುರುವಾಯಿತು. ಹೆಚ್ಚಾಗಿ ಕಾನ್ಸಸ್ ಸಿಟಿ ಎಂಬ ದೊಡ್ಡ ಪಟ್ಟಣದಲ್ಲಿ ನಡೆಯುತ್ತಿತ್ತು. ಆಮೇಲೆ, ಪಂದ್ಯಗಳು ಕಾಲೇಜಿನ ಸ್ವಂತ ಮೈದಾನದಲ್ಲೇ ನಡೆಯಬೇಕು ಅಂತ ನಿಯಮ ಬಂತು. 1911ರಲ್ಲಿ ಪಂದ್ಯ ಕೊಲಂಬಿಯಾಗೆ ಬಂತು. ಪಟ್ಟಣ ಬಿಟ್ಟು ಇಷ್ಟು ಸಣ್ಣ ಊರಿಗೆ ಜನ ಬರ್ತಾರಾ? ಕ್ರೀಡಾ ವಿಭಾಗದ ಮುಖ್ಯಸ್ಥರಾಗಿದ್ದ ಚೆಸ್ಟರ್ ಬ್ರೂವರ್ ಅವರು ಹಳೆಯ ವಿದ್ಯಾರ್ಥಿಗಳಿಗೆಲ್ಲ ಮನೆಗೆ ಬನ್ನಿ ಅಂತ ಕರೆ ಕೊಟ್ಟರು. 9,000ಕ್ಕೂ ಹೆಚ್ಚು ಜನ ಬಂದರು. ಪಂದ್ಯ 3-3 ಸಮ ಆಯಿತು. ಅತ್ತ ಲಾರೆನ್ಸ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನ ಒಂದೆಡೆ ಸೇರಿದ್ದರಂತೆ. ಟೆಲಿಗ್ರಾಫಿನಲ್ಲಿ ಬಂದ ಸುದ್ದಿಯನ್ನು ನೋಡಿಕೊಂಡು ಚೆಂಡು ಈಗ ಎಲ್ಲಿದೆ ಅಂತ ಅಲ್ಲಿ ತೋರಿಸುತ್ತಿದ್ದರು.

ಅಂದರೆ ಹಬ್ಬ ಹುಟ್ಟಿದ್ದು ಗೇಟ್ ಕಲೆಕ್ಷನ್ ಚಿಂತೆಯಿಂದ. ಪ್ರೀತಿ ಆಮೇಲೆ ಬಂತು. ಬೇಲರ್ ವಿಶ್ವವಿದ್ಯಾಲಯದವರು ‘ನಾವು 1909ರಲ್ಲೇ ಮಾಡಿದ್ದೆವು’ ಅನ್ನುತ್ತಾರೆ, ಇಲಿನಾಯ್‌ನವರು 1910 ಅನ್ನುತ್ತಾರೆ. ಮೊದಲು ಶುರು ಮಾಡಿದ್ದು ತಾವೇ ಅನ್ನುವ ಮಿಝೂದಲ್ಲಿ ಆ ಮಾತು ಎತ್ತಬಾರದು.

ಅಲ್ಲಿಗೆ ಸೇರಿದ ಮೊದಲ ವರ್ಷವೇ ನಾನು ಇದರೊಳಗೆ ಕಾಲಿಟ್ಟದ್ದು ರಕ್ತದಾನ ಶಿಬಿರದ ಮೂಲಕ. ಹೋಮ್‌ಕಮಿಂಗ್ ಸಮಯದಲ್ಲಿ ಅಲ್ಲಿನ ವಿದ್ಯಾರ್ಥಿಗಳೇ ನಡೆಸುವ ರಕ್ತದಾನ ದೇಶದಲ್ಲೇ ದೊಡ್ಡದರಲ್ಲಿ ಒಂದು. ಒಳಾಂಗಣ ಕ್ರೀಡಾಂಗಣದ ತುಂಬ ಮಂಚಗಳ ಸಾಲು. ನಾನೂ ಫಾರ್ಮ್ ತುಂಬಿ ಕೂತೆ. ನರ್ಸಮ್ಮ ‘ಎಲ್ಲಿಂದ ಬಂದೆ ಮಗಳೇ’ ಅನ್ನುವ ಧಾಟಿಯಲ್ಲಿ ವಿಚಾರಿಸಿದರು. ಇಂಡಿಯಾ ಅಂದೆ. ಮಲೇರಿಯಾ ಇರುವ ದೇಶದಿಂದ ಬಂದು ನೆಲೆಸಿದವರು 3 ವರ್ಷ ರಕ್ತ ಕೊಡುವ ಹಾಗಿಲ್ಲ ಅಂತ ನಿಯಮ. ಅವರಿಗೇ ಬೇಜಾರಾಯಿತು. ಎದ್ದು ಹೊರಡುವಷ್ಟರಲ್ಲಿ ಹಳದಿ ಟೀ ಶರ್ಟಿನ ಹುಡುಗಿಯೊಬ್ಬಳು ಬಂದು ‘ಬಿಸ್ಕತ್ತು ಹಂಚೋಕೆ ಬರ್ತೀಯಾ?’ ಅಂತ ಕೇಳಿದಳು. ಸಂಜೆವರೆಗೆ ನಾನು ಕಿತ್ತಳೆ ರಸ, ಬಿಸ್ಕತ್ತು ಹಂಚಿದೆ. ರಕ್ತ ಕೊಟ್ಟು ತೂಕಡಿಸುತ್ತ ಬಂದವರನ್ನೆಲ್ಲ ಕುರ್ಚಿಯಲ್ಲಿ ಕೂರಿಸಿದೆ. ನನಗೆ ಸ್ನೇಹಿತರು ಸಿಕ್ಕಿದ್ದು ಕ್ಲಾಸಿನಲ್ಲಲ್ಲ, ಆ ಬಿಸ್ಕತ್ತಿನ ಮೇಜಿನ ಹಿಂದೆ.

ಅವರೇ ನನ್ನನ್ನು ‘ಪಾಂಪಿಂಗ್’ಗೆ ಎಳೆದುಕೊಂಡು ಹೋದರು. ಹೆಸರಿಗೆ ಹೆದರಬೇಡಿ. ಬಣ್ಣದ ತೆಳು ಕಾಗದವನ್ನು ಅಂಗೈಗಿಂತ ಸಣ್ಣ ಚೌಕಗಳಾಗಿ ಕತ್ತರಿಸಿರುತ್ತಾರೆ. ಒಂದು ಚೌಕವನ್ನು ಬೆರಳ ತುದಿಗೆ ಸುತ್ತಿ, ಮುದುಡಿ, ಅಂಟಿಗೆ ಅದ್ದಿ, ಹಲಗೆಗೆ ಒತ್ತಬೇಕು. ಅದರ ಪಕ್ಕ ಇನ್ನೊಂದು. ಅದರ ಪಕ್ಕ ಮತ್ತೊಂದು. ಹೀಗೆ ಆಳೆತ್ತರದ ಹಲಗೆಗಳನ್ನೆಲ್ಲ ತುಂಬಿದರೆ ದೂರದಿಂದ ಹುಲಿಯ ಮುಖ ಕಾಣುತ್ತದೆ. ಹತ್ತಿರದಿಂದ ಬರೀ ಕಾಗದದ ಮೊಗ್ಗುಗಳು. ನನ್ನ ಪಾಲಿಗೆ ಬಂದದ್ದು ಹುಲಿಯ ಎಡಗಿವಿ. ಬೆರಳ ಸಂದಿಯ ಅಂಟು ಉಗುರು ಬಿಸಿನೀರಿಗೂ ಬಿಡುತ್ತಿರಲಿಲ್ಲ, ಕಪ್ಪು ಬಣ್ಣ ಚರ್ಮಕ್ಕೇ ಹತ್ತಿಕೊಂಡಿತ್ತು. ರಾತ್ರಿ ಅಮ್ಮನ ಜೊತೆ ಸ್ಕೈಪ್‌ನಲ್ಲಿ ಮಾತಾಡುವಾಗ ‘ಏನೇ ಅದು ಕೈ, ಮಸಿ ಪಾತ್ರೆ ತಿಕ್ಕಿದ್ಯಾ?’ ಅಂತ ಕೇಳಿದರು. ಪಾಂಪಿಂಗ್ ಅಂತ ಹೇಳಿ ಅರ್ಥ ಮಾಡಿಸುವುದು ಹೇಗೆ? ಹೌದು ಅಂದುಬಿಟ್ಟೆ.

ಆ ಹಲಗೆಗಳನ್ನು ಶುಕ್ರವಾರ ಸಂಜೆ ಫ್ರಟರ್ನಿಟಿ, ಸೊರೊರಿಟಿ ಎಂಬ ಹುಡುಗರ, ಹುಡುಗಿಯರ ಸಂಘಗಳ ಮನೆಗಳ ಮುಂದಿನ ಹುಲ್ಲಿನ ಮೇಲೆ ನಿಲ್ಲಿಸುತ್ತಾರೆ. ಮುಂದೆ ಸಣ್ಣ ನಾಟಕ ಆಡುತ್ತಾರೆ. ಊರಿನವರೆಲ್ಲ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಾರೆ. ನಾಟಕಗಳು ಸುಮಾರು, ಸುಳ್ಳು ಹೇಳಲಾರೆ. ಆದರೆ ಜನ ನಾಟಕ ನೋಡೋಕೆ ಬಂದವರಲ್ಲ, ಒಂದು ಮನೆಯಿಂದ ಇನ್ನೊಂದು ಮನೆಗೆ ಸುಮ್ನೆ ಓಡಾಡೋಕೆ ಬಂದವರು. ಆ ಮನೆಗಳ ಸದಸ್ಯರಾಗಲು ದುಡ್ಡು ಬೇಕು, ಪರಿಚಯ ಬೇಕು. ನಮ್ಮಂಥ ವಿದೇಶಿ ವಿದ್ಯಾರ್ಥಿಗಳು ಅಂಗಳದವರೆಗೆ ಮಾತ್ರ. ಅದನ್ನೂ ಹೇಳಬೇಕು, ಅಲ್ವಾ?

ಶನಿವಾರ ಬೆಳಗ್ಗೆ ಮೆರವಣಿಗೆ. ನಮ್ಮೂರ ತೇರಿನ ದಿನದ ಹಾಗೆ, ಒಳ್ಳೆಯ ಜಾಗ ಹಿಡಿಯೋಕೆ ಜನ ಬೇಗ ಬಂದು ಫುಟ್‌ಪಾತಿನಲ್ಲಿ ಮಡಚುವ ಕುರ್ಚಿ ಹಾಕಿಕೊಳ್ಳುತ್ತಾರೆ. ಶಾಲೆಗಳ ಬ್ಯಾಂಡು, ಟ್ರಾಲಿಗಳ ಮೇಲೆ ಕಟ್ಟಿದ ಬೊಂಬೆಗಳು, ಮಕ್ಕಳ ಕಡೆ ಎಸೆಯುವ ಪೆಪ್ಪರ್‌ಮೆಂಟು. ಹುಲಿ ವೇಷದ ಟ್ರೂಮನ್ ಬರುವುದು ಬೆಂಕಿ ನಂದಿಸುವ ಗಾಡಿಯ ಮೇಲೆ. ಮಿಸೌರಿಯವರೇ ಆದ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಹೆಸರನ್ನು ಹುಲಿಗೆ ಇಟ್ಟಿದ್ದಾರೆ. ನಮ್ಮಲ್ಲಿ ಯಾವುದಾದರೂ ವೇಷಕ್ಕೆ ಮಾಜಿ ಪ್ರಧಾನಿ ಹೆಸರಿಟ್ಟು ನೋಡಿ, ಮರುದಿನ ಬಂದ್!

ನನಗೆ ತುಂಬ ಇಷ್ಟವಾದದ್ದು ಹಳೆಯ ವಿದ್ಯಾರ್ಥಿಗಳ ಬ್ಯಾಂಡು. ಓದುವಾಗ ‘ಮಾರ್ಚಿಂಗ್ ಮಿಝೂ’ ಎಂಬ ಬ್ಯಾಂಡಿನಲ್ಲಿ ಬಾರಿಸುತ್ತಿದ್ದವರು ಆ ದಿನ ತಮ್ಮ ವಾದ್ಯ ತಂದು ಈಗಿನ ಮಕ್ಕಳ ಜೊತೆ ನುಡಿಸುತ್ತಾರೆ. ಬಕ್ಕತಲೆಯವರು, ಹೊಟ್ಟೆ ಬಂದವರು, ಮೊಮ್ಮಕ್ಕಳಿದ್ದವರು. ಟ್ರಾಂಬೋನ್ ಹಿಡಿದಿದ್ದ ಒಬ್ಬ ಅಜ್ಜ ನನ್ನ ಪಕ್ಕದಲ್ಲೇ ತುಟಿ ಸರಿ ಮಾಡಿಕೊಳ್ಳುತ್ತಿದ್ದರು. ಅವರ ಪಕ್ಕ ನಿಂತ ಹತ್ತೊಂಬತ್ತರ ಹುಡುಗ ಕಾಗದ ತೋರಿಸಿ ‘ಇಲ್ಲಿ ಈಗ ಎರಡು ಸಲ ನುಡಿಸ್ತೀವಿ, ನಿಮ್ಮ ಕಾಲದಲ್ಲಿ ಒಂದೇ ಸಲ ಇತ್ತೇನೋ’ ಅಂದ. ಅಜ್ಜ ಕನ್ನಡಕ ಮೂಗಿನ ತುದಿಗೆ ಜಾರಿಸಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರು. ಯಾರೂ ಅವರಿಗೆ ಹಾರ ಹಾಕಲಿಲ್ಲ. ಕೆಲಸ ಕೊಟ್ಟರು.

2010ರ ಅಕ್ಟೋಬರ್ 23ರ ಬಗ್ಗೆ ಹೇಳದಿದ್ದರೆ ಆ ಊರಿನವರು ನನ್ನನ್ನು ಕ್ಷಮಿಸುವುದಿಲ್ಲ. ಮೊದಲ ವರ್ಷದ ಹೋಮ್‌ಕಮಿಂಗ್‌ನಲ್ಲಿ ನಮ್ಮವರು ಸೋತಿದ್ದರು. ಈ ಸಲ ಎದುರಾಳಿ ಓಕ್ಲಹೋಮಾ. ಕಾಲೇಜು ತಂಡಗಳ ಬಿಸಿಎಸ್ ರ‍್ಯಾಂಕಿಂಗ್‌ನಲ್ಲಿ ಆಗ ಅದು ದೇಶಕ್ಕೇ ನಂಬರ್ ಒನ್. ಇಎಸ್‌ಪಿಎನ್ ಚಾನೆಲ್ಲಿನ ‘ಕಾಲೇಜ್ ಗೇಮ್‌ಡೇ’ ಕಾರ್ಯಕ್ರಮ ಮೊದಲ ಬಾರಿ ಕೊಲಂಬಿಯಾಗೆ ಬಂದಿತ್ತು. ಅದರ ವೇದಿಕೆ ಹಾಕಿದ್ದು ಆರು ಕಂಬಗಳ ಹುಲ್ಲುಹಾಸಿನಲ್ಲಿ. 1892ರ ಜನವರಿಯಲ್ಲಿ ಮುಖ್ಯ ಕಟ್ಟಡ ಸುಟ್ಟುಹೋದಾಗ ಉಳಿದದ್ದು ಈ ಆರು ಕಂಬಗಳು ಮಾತ್ರ. ಮಿಝೂದ ಗುರುತು ಇವತ್ತಿಗೂ ಅವೇ. ಬೆಳಕು ಹರಿಯುವ ಮೊದಲೇ ಅಲ್ಲಿ ಕಾಲಿಡಲು ಜಾಗ ಇರಲಿಲ್ಲ.

ಪಂದ್ಯ ಸಂಜೆ. ಮೊದಲ ಕಿಕ್ಕನ್ನೇ ಹಿಡಿದ ನಮ್ಮ ಆಟಗಾರ ಎದುರು ತುದಿಯವರೆಗೂ ಓಡಿಬಿಟ್ಟ. ಅದು ಒಳ್ಳೆಯದು ಅಂತ ನನಗೂ ಗೊತ್ತಾಯಿತು. ಕೊನೆಗೆ 36-27, ಗೆದ್ದೆವು. ಜನ ಮೈದಾನಕ್ಕೆ ನುಗ್ಗಿದರು. ಗೋಲ್ ಕಂಬ ಕಿತ್ತು ಹೊತ್ತುಕೊಂಡು ಪೇಟೆಯ ಹಾರ್ಪೋಸ್ ಬಾರಿನ ಕಡೆ ನಡೆದರು. ದೊಡ್ಡ ಗೆಲುವು ಸಿಕ್ಕಾಗ ಹಾಗೆ ಮಾಡುವುದು ಅಲ್ಲಿನ ಪದ್ಧತಿ. ಬೀದಿಯಲ್ಲಿ ಯಾರು ಯಾರನ್ನು ತಬ್ಬಿಕೊಂಡರೋ. ನನ್ನ ಜೊತೆಗಿದ್ದ ಧಾರವಾಡದ ಹುಡುಗ, ಕ್ರಿಕೆಟ್ ಬಿಟ್ಟು ಬೇರೆ ಆಟಕ್ಕೆ ಮರ್ಯಾದೆ ಕೊಡದವನು, ‘ಏನ್ ಹೊಡದಾರಲೇ ನಮ್ಮ ಹುಡುಗ್ರು’ ಅಂತ ಕಿರುಚುತ್ತಿದ್ದ. ನಮ್ಮ ಹುಡುಗ್ರು ಅಂತೆ!

ಮುಂದಿನ ವರ್ಷ ಹೋಮ್‌ಕಮಿಂಗ್‌ಗೆ ನೂರು ತುಂಬಿದ ಸಂಭ್ರಮ. ಅದನ್ನು ಮುಗಿಸಿಕೊಂಡು ನಾನು ಬೆಂಗಳೂರಿಗೆ ಬಂದೆ.

2015ರಲ್ಲಿ ಅದೇ ಮೆರವಣಿಗೆ ಬೇರೆ ಕಾರಣಕ್ಕೆ ಸುದ್ದಿಯಾಯಿತು. ಹನ್ನೊಂದು ಕಪ್ಪು ವಿದ್ಯಾರ್ಥಿಗಳು ಮಿಝೂ ಸೇರಿದ ಇಡೀ ವಿಶ್ವವಿದ್ಯಾಲಯ ವ್ಯವಸ್ಥೆಯ ಅಧ್ಯಕ್ಷರ ಕಾರನ್ನು ಅಡ್ಡಗಟ್ಟಿ ನಿಂತರು. ಕೈಯಲ್ಲಿ ಮೆಗಾಫೋನ್. 1839ರಿಂದ ಹಿಡಿದು ಕಪ್ಪು ಜನರಿಗೆ ಆ ಕ್ಯಾಂಪಸ್ಸಿನಲ್ಲಿ ಆದ ಅನ್ಯಾಯಗಳನ್ನು ಒಬ್ಬೊಬ್ಬರಾಗಿ ಹೇಳಿದರು. ತಮ್ಮ ಗುಂಪಿಗೆ ಅವರು ಇಟ್ಟುಕೊಂಡ ಹೆಸರು ‘ಕನ್ಸರ್ನ್ಡ್ ಸ್ಟೂಡೆಂಟ್ 1950’. ಅಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಮೊದಲು ಪ್ರವೇಶ ಸಿಕ್ಕಿದ್ದು 1950ರಲ್ಲಿ. ಅದಕ್ಕೂ ಮೊದಲು ಲಾಯ್ಡ್ ಗೇನ್ಸ್ ಎಂಬ ಯುವಕ ಕಾನೂನು ಓದಲು ಸೀಟು ಕೇಳಿ, ಸುಪ್ರೀಂ ಕೋರ್ಟಿನವರೆಗೆ ಹೋಗಿ 1938ರಲ್ಲಿ ಗೆದ್ದಿದ್ದರು. ಮರುವರ್ಷ ಅವರು ಕಾಣೆಯಾದರು. ಮತ್ತೆ ಸಿಗಲೇ ಇಲ್ಲ.

ವಿಡಿಯೋದಲ್ಲಿ ನಾನು ನೋಡಿದ್ದು ಇನ್ನೊಂದು. ಪಕ್ಕದಲ್ಲಿ ನಿಂತಿದ್ದ ಕೆಲವರು ಆ ಮಕ್ಕಳ ದನಿ ಕೇಳಿಸದಂತೆ ‘ಎಂ-ಐ-ಝೆಡ್, ಝೆಡ್-ಓ-ಯು’ ಅಂತ ಕೂಗಿದರು. ಪಾರ್ಕಿಂಗ್ ಜಾಗದಲ್ಲಿ ನನ್ನನ್ನು ಒಳಗೆ ಕರೆದುಕೊಂಡಿದ್ದ ಅದೇ ಕೂಗು. ಹೊಟ್ಟೆಗೆ ಏನೋ ಆಯಿತು. ಮುಂದಿನ ತಿಂಗಳು ಫುಟ್‌ಬಾಲ್ ತಂಡದ ಕಪ್ಪು ಆಟಗಾರರು, ಅಧ್ಯಕ್ಷರು ಹೋಗುವವರೆಗೆ ಆಡುವುದಿಲ್ಲ ಅಂದರು. ಎರಡೇ ದಿನದಲ್ಲಿ, ನವೆಂಬರ್ 9ಕ್ಕೆ, ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಮೆರವಣಿಗೆಯ ದಿನವೇ ಆ ವಿದ್ಯಾರ್ಥಿಗಳು ರಸ್ತೆಗಿಳಿದದ್ದು ಸರಿಯೇ ಅಂತ ನನ್ನ ಅಭಿಪ್ರಾಯ. ಮನೆಗೆ ಬನ್ನಿ ಅಂತ ಎಲ್ಲರನ್ನೂ ಕರೆದ ದಿನ ಕೇಳದೆ ಇನ್ನು ಯಾವಾಗ ಕೇಳಬೇಕು?

ಈಗ ನಮ್ಮ ಕಾಲೇಜಿನ ವಿಷಯ. ಮುಂದಿನ ವರ್ಷ ಹಳೆಯ ವಿದ್ಯಾರ್ಥಿಗಳ ಸಮಾವೇಶ ಇದೆಯಂತೆ. ನಾನು ಬಂದಿದ್ದ ಕಳೆದ ಸಮಾವೇಶದಲ್ಲಿ ಶಾಮಿಯಾನ, ಪ್ರಾರ್ಥನೆ, ಸ್ವಾಗತ, ಶಾಲು, ಪೇಟ, ಮೊಮೆಂಟೊ, ಆಮೇಲೆ ಕಟ್ಟಡ ನಿಧಿಗೆ ಮನವಿ ಇದ್ದವು. ಈಗ ಓದುತ್ತಿರುವ ಮಕ್ಕಳು ಗೋಡೆ ಪಕ್ಕ ನೀರಿನ ಬಾಟಲಿ ಹಿಡಿದು ನಿಂತಿದ್ದರು. ಅವರ ಜೊತೆ ನಾವು ಒಂದು ಮಾತೂ ಆಡಲಿಲ್ಲ, ಅವರೂ ಆಡಲಿಲ್ಲ. ಹಣ ಕೇಳಿದ್ದಕ್ಕೆ ನನ್ನ ತಕರಾರಿಲ್ಲ, ಬ್ರೂವರ್ ಅವರ ತಲೆಯಲ್ಲಿದ್ದದ್ದೂ ಗೇಟ್ ಕಲೆಕ್ಷನ್ನೇ. ಆದರೆ ಅವರು ನೋಡೋಕೆ ಒಂದು ಪಂದ್ಯ ಇಟ್ಟಿದ್ದರು.

ನಮ್ಮಲ್ಲಿ ಥ್ರೋಬಾಲ್ ಅಂಕಣ ಇದೆ. ಹಾಸ್ಟೆಲಿನವರಿಗೂ ಡೇ ಸ್ಕಾಲರ್‌ಗಳಿಗೂ ನಮ್ಮ ಕಾಲದಿಂದ ಜಿದ್ದು ಇದೆ. ಅದನ್ನು ಆಡಿಸಿ. ಎರಡೂ ಕಡೆ ಹಳಬರು ಅರ್ಧ, ಈಗಿನವರು ಅರ್ಧ. ಏರ್ಪಾಡೆಲ್ಲ ಎರಡನೇ ವರ್ಷದವರ ಕೈಗೆ ಕೊಡಿ, ಮೇಷ್ಟ್ರುಗಳು ದೂರದಿಂದ ನೋಡಲಿ. ಬಸ್ ಸ್ಟ್ಯಾಂಡ್ ರಸ್ತೆಯ ಅಂಗಡಿಯವರನ್ನು ಕೇಳಿ ಷಟರ್ ಮೇಲೆ ಸುಣ್ಣದಲ್ಲಾದರೂ ಏನಾದರೂ ಬರೆಸಿ. ಕ್ಯಾಂಟೀನಿನಲ್ಲಿ ಅವತ್ತು ಮಂಡಕ್ಕಿ, ಮೆಣಸಿನಕಾಯಿ ಬೋಂಡ ಇರಲಿ. ನಾನು ಹಾಸ್ಟೆಲ್ ಕಡೆಯವಳು, ಸರ್ವ್ ಈಗಲೂ ನೆಟ್ ದಾಟುತ್ತದೆ. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರು ಹಾಕಬೇಡಿ, ತಂಡದ ಪಟ್ಟಿಯಲ್ಲಿ ಹಾಕಿ.