ಬಿಲ ತೋಡುತ್ತಿತ್ತು ಅಂತ ಹೇಗೆ ಗೊತ್ತು?

ಡೈಇಕ್ಟೊಡಾನ್ ಎಂಬ, ಕೋಟ್ಯಂತರ ವರ್ಷಗಳ ಹಿಂದೆ ಬದುಕಿದ್ದ ಪ್ರಾಣಿಯ ಬಗ್ಗೆ ಮಾತೆತ್ತಿದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಮೂಳೆ ಸಿಕ್ಕಿದೆ, ಸರಿ. ಆದರೆ ಅದು ಬಿಲ ತೋಡಿಕೊಂಡು ಬದುಕುತ್ತಿತ್ತು ಅಂತ ಹೇಗೆ ಹೇಳ್ತೀರಿ? ನೋಡಿದವರು ಯಾರು?" ಕೇಳಬೇಕಾದ ಪ್ರಶ್ನೆಯೇ. ಉತ್ತರವೂ ಗಟ್ಟಿಯಾಗಿದೆ: ಬಿಲವೂ ಸಿಕ್ಕಿದೆ, ಬಿಲದೊಳಗೆ ಮಲಗಿದ್ದ ಪ್ರಾಣಿಯೂ ಸಿಕ್ಕಿದೆ.

ದಕ್ಷಿಣ ಆಫ್ರಿಕಾದ ಕರೂ ಇವತ್ತು ಒಣ ಬಯಲು. ಸುಮಾರು 25.5 ಕೋಟಿ ವರ್ಷಗಳ ಹಿಂದೆ ಅಲ್ಲಿ ದೊಡ್ಡ ನದಿಗಳು ಹರಿಯುತ್ತಿದ್ದವು, ಆಗಾಗ ಉಕ್ಕಿ ದಡದ ಬಯಲನ್ನು ಮುಳುಗಿಸುತ್ತಿದ್ದವು. ಡೈನೋಸಾರ್‌ಗಳು ಹುಟ್ಟಲು ಇನ್ನೂ ಎರಡು ಕೋಟಿ ವರ್ಷ ಬಾಕಿ. ಆ ಬಯಲಿನ ತುಂಬ ಡೈಇಕ್ಟೊಡಾನ್‌ಗಳಿದ್ದವು. ಆ ಕಾಲದ ಕರೂ ಬಂಡೆಗಳಲ್ಲಿ ತುಂಬ ಹೆಚ್ಚಾಗಿ ಸಿಗುವ ಪ್ರಾಣಿಗಳಲ್ಲಿ ಇದೂ ಒಂದು. ಉದ್ದ ಸುಮಾರು 45 ಸೆಂಟಿಮೀಟರ್. ನೀಳ ಮೈ, ಗಿಡ್ಡ ಕಾಲು, ಅಗಲ ಪಾದ, ಬಲವಾದ ಉಗುರು. ಬಾಯಿಗೆ ಆಮೆಗಿರುವಂಥ ಕೊಕ್ಕು. ಕೆಳದವಡೆಯನ್ನು ಹಿಂದಕ್ಕೆ ಎಳೆದು ಸೊಪ್ಪು, ಗೆಡ್ಡೆ ಕತ್ತರಿಸುತ್ತಿತ್ತು. ಕೆಲವಕ್ಕೆ ಎರಡು ಕೋರೆಹಲ್ಲು, ಕೆಲವಕ್ಕೆ ಇಲ್ಲ. ಗಂಡು ಹೆಣ್ಣಿನ ವ್ಯತ್ಯಾಸ ಇದೇ ಇರಬೇಕು ಅನ್ನುತ್ತಾರೆ.

ಇನ್ನು ಬಿಲದ ವಿಷಯ. ರೋಜರ್ ಸ್ಮಿತ್ ಎಂಬ ಭೂವಿಜ್ಞಾನಿ 1987ರಲ್ಲಿ ಇವುಗಳ ವಿವರ ಪ್ರಕಟಿಸಿದರು. ಪ್ರವಾಹ ಬಂದಾಗ ಬಿಲದೊಳಕ್ಕೆ ಮರಳು, ಕೆಸರು ನುಗ್ಗಿ ತುಂಬಿಕೊಂಡಿತು, ಕಾಲ ಕಳೆದಂತೆ ಕಲ್ಲಾಯಿತು. ಹಾಗಾಗಿ ಈಗ ಕಣ್ಣಿಗೆ ಬೀಳುವುದು ಟೊಳ್ಳು ಬಿಲವಲ್ಲ, ಅದರ ಆಕಾರದ ಕಲ್ಲಿನ ಅಚ್ಚು. ಮೇಲಿಂದ ಸುರುಳಿ ಸುರುಳಿಯಾಗಿ ಅರ್ಧ ಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಕೊನೆಗೆ ಒಂದು ಅಗಲವಾದ ಗೂಡು. ಗೋಡೆಯ ಮೇಲೆ ಕೆರೆದ ಗುರುತುಗಳು ಈಗಲೂ ಇವೆ. ಕೆಲವು ಗೂಡುಗಳಲ್ಲಿ ಡೈಇಕ್ಟೊಡಾನ್‌ನ ಪೂರ್ತಿ ಅಸ್ಥಿಪಂಜರ, ಮುದುಡಿ ಮಲಗಿದ ಭಂಗಿಯಲ್ಲೇ ಸಿಕ್ಕಿದೆ. ಒಂದೇ ಗೂಡಿನಲ್ಲಿ ಎರಡು ಸಿಕ್ಕಿದ್ದೂ ಇದೆ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

"ನೀರು ಹೆಣವನ್ನು ಕೊಚ್ಚಿ ತಂದು ಗುಂಡಿಗೆ ಹಾಕಿರಬಾರದೇಕೆ?" ಅಂತ ಮರುಪ್ರಶ್ನೆ ಹಾಕುವವರಿದ್ದಾರೆ. ಕೊಚ್ಚಿ ಬಂದ ಹೆಣದ ಮೂಳೆಗಳು ಸಾಮಾನ್ಯವಾಗಿ ಚದುರಿಹೋಗಿರುತ್ತವೆ. ಇವು ಒಂದಕ್ಕೊಂದು ಕೂಡಿಕೊಂಡೇ ಇವೆ. ಬೇರೆ ಯಾರೋ ತೋಡಿದ ಬಿಲಕ್ಕೆ ಇದು ಹೊಕ್ಕಿತ್ತೇ? ಬಿಲದ ಅಗಲ ಈ ಮೈಗೆ ಹೊಂದುತ್ತದೆ, ಕೈಕಾಲೂ ಅಗೆಯಲು ತಕ್ಕಂತಿವೆ, ಒಳಗೆ ಮತ್ತೆ ಮತ್ತೆ ಸಿಗುವುದೂ ಇದೇ. ನನಗೆ ಇಷ್ಟು ಸಾಕು. ಸುರುಳಿಯಾಗಿಯೇ ಏಕೆ ತೋಡಿತು ಎಂಬುದು ಬೇರೆ ಮಾತು. ಒಳಗೆ ತಂಪು, ತೇವ ಉಳಿಯಲಿ ಅಂತಲೋ, ಬೇಟೆಗಾರ ಪ್ರಾಣಿಗೆ ನುಗ್ಗಲು ಕಷ್ಟವಾಗಲಿ ಅಂತಲೋ ಇರಬಹುದು.

ಇದು ಡೈಸಿನೊಡಾಂಟ್ ಎಂಬ ಗುಂಪಿಗೆ ಸೇರಿದ್ದು. ನಮಗೆ ಮುತ್ತಜ್ಜ ಅಲ್ಲ, ದಾಯಾದಿ. ಕಣ್ಣಿನ ಹಿಂದೆ ತಲೆಬುರುಡೆಯಲ್ಲಿ ಎರಡೂ ಪಕ್ಕಕ್ಕೆ ಒಂದೊಂದೇ ರಂಧ್ರವಿರುವ ವಂಶ ಇದು. ಅದೇ ವಂಶದ ಇನ್ನೊಂದು ಕವಲಿನಿಂದ ಸಸ್ತನಿಗಳು ಬಂದವು. ಹಲ್ಲಿ, ಮೊಸಳೆ, ಡೈನೋಸಾರ್‌ಗಳ ವಂಶವೇ ಬೇರೆ.

"ನಮ್ಮ ಕಡೆ ಸಿಗುತ್ತಾ?" ಅಂತಲೂ ಕೇಳುತ್ತಾರೆ. ಕರ್ನಾಟಕದಲ್ಲಿ ಹುಡುಕಿ ಫಲವಿಲ್ಲ. ನಮ್ಮ ಬಂಡೆಗಳಲ್ಲಿ ಬಹುಪಾಲು 250 ಕೋಟಿ ವರ್ಷಕ್ಕೂ ಹಳೆಯವು. ಉತ್ತರದ ಕಪ್ಪು ಲಾವಾ ಕಲ್ಲಾದರೋ ಬರೀ ಆರೂವರೆ ಕೋಟಿ ವರ್ಷದ್ದು. ಆದರೆ ತೆಲಂಗಾಣದ ಗೋದಾವರಿ ಕಣಿವೆಯಲ್ಲಿ, ಗೋಲೇಟಿ ಸುತ್ತಲಿನ ಕುಂದಾರಂ ಪದರದಲ್ಲಿ, ಸಿಸ್ಟಿಸೆಫಾಲಸ್ ಎಂಬ ಇದರ ನೆಂಟ ಸಿಕ್ಕಿದೆ. ಅದು ಇನ್ನೂ ನುರಿತ ಅಗೆತಗಾರ: ಆಫ್ರಿಕಾದಲ್ಲಿ ಸಿಕ್ಕ ಅದರ ಮುಂಗಾಲಿನ ಮೇಲ್ಮೂಳೆ ಗಿಡ್ಡ, ಅಗಲ, ದೊಡ್ಡ ಸ್ನಾಯುಗಳು ಅಂಟಿಕೊಳ್ಳಲು ತಕ್ಕ ಉಬ್ಬುಗಳುಳ್ಳದ್ದು. ದಕ್ಷಿಣ ಆಫ್ರಿಕಾದ ಪ್ರಾಣಿ ಇಲ್ಲಿಗೆ ಹೇಗೆ ಬಂತು ಅಂತ ಬೆರಗಾಗಬೇಕಿಲ್ಲ; ಆಗ ಈ ಎರಡು ನೆಲಗಳ ನಡುವೆ ಸಮುದ್ರವೇ ಇರಲಿಲ್ಲ.