ಚಂದ್ರದ್ರೋಣ ಶ್ರೇಣಿಯ ರಟ್ಟಿನ ಮಾದರಿ: ಕೆಲಸ ಎಲ್ಲಿಗೆ ಬಂದಿದೆ

ಚಿಕ್ಕಮಗಳೂರಿನಿಂದ ತಲೆಯೆತ್ತಿ ನೋಡಿದರೆ ಚಂದ್ರದ್ರೋಣ ಪರ್ವತ ಒಂದೇ ಸಾಲಿನ ಬೆಟ್ಟವಾಗಿ ಕಾಣುತ್ತದೆ. ಅದು ಕುದುರೆ ಲಾಳದ ಆಕಾರದಲ್ಲಿ ಬಾಗಿ, ನಡುವೆ ಜಾಗರ ಕಣಿವೆಯನ್ನು ಇಟ್ಟುಕೊಂಡು, ವಾಯವ್ಯ ದಿಕ್ಕಿಗೆ ಮಾತ್ರ ಬಾಯಿ ತೆರೆದಿದೆ ಎಂಬುದು ಊರಿನಲ್ಲಿ ನಿಂತವರಿಗೆ ತಿಳಿಯುವುದಿಲ್ಲ. ಮುಳ್ಳಯ್ಯನಗಿರಿಗೆ ಬರುವ ಪ್ರವಾಸಿಗರಲ್ಲಿಯೂ ಹೆಚ್ಚಿನವರು ಮೋಡವನ್ನು ನೋಡಿ ಹಿಂದಿರುಗುತ್ತಾರೆಯೇ ಹೊರತು ಈ ಆಕಾರವನ್ನಲ್ಲ. ಇಡೀ ಶ್ರೇಣಿಯನ್ನು ಒಮ್ಮೆಗೇ ಮೇಜಿನ ಮೇಲೆ ನೋಡಬೇಕೆಂಬ ಆಸೆಯಿಂದ ರಟ್ಟಿನ ಪದರಗಳಲ್ಲಿ ಅದರ ಮಾದರಿಯನ್ನು ಮಾಡುತ್ತಿದ್ದೇನೆ.

ಅಳತೆಯ ಲೆಕ್ಕ ಹೀಗಿದೆ. ಸುಮಾರು 30 ಕಿಲೋಮೀಟರ್ ಚೌಕದ ನೆಲವನ್ನು 1:50,000 ಪ್ರಮಾಣದಲ್ಲಿ 60 ಸೆಂಟಿಮೀಟರ್ ಚೌಕದ ಹಲಗೆಯ ಮೇಲೆ ಇಳಿಸಿದ್ದೇನೆ. ಪ್ರತಿ 100 ಮೀಟರ್ ಎತ್ತರಕ್ಕೆ 3 ಮಿಲಿಮೀಟರ್ ದಪ್ಪದ ಒಂದು ರಟ್ಟು. ನಿಜವಾದ ಪ್ರಮಾಣದಲ್ಲಿ ಅದು 2 ಮಿಲಿಮೀಟರ್ ಇರಬೇಕಿತ್ತು. ಎತ್ತರವನ್ನು ಒಂದೂವರೆ ಪಟ್ಟು ಹಿಗ್ಗಿಸದಿದ್ದರೆ ಬೆಟ್ಟ ಕಣ್ಣಿಗೆ ತೀರ ಚಪ್ಪಟೆಯಾಗಿ ಕಾಣುತ್ತದೆ. 700 ಮೀಟರಿನಿಂದ 1,900 ಮೀಟರಿನವರೆಗೆ ಒಟ್ಟು ಹದಿಮೂರು ಪದರಗಳಾಗುತ್ತವೆ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳನ್ನು 2000ನೇ ಇಸವಿಯ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್ ಸಂಗ್ರಹಿಸಿದ ಎತ್ತರದ ದತ್ತಾಂಶದಿಂದ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತೆಗೆದು, ಕಾಗದದ ಮೇಲೆ ಮುದ್ರಿಸಿ, ರಟ್ಟಿಗೆ ಅಂಟಿಸಿ ಕತ್ತರಿಸಿದ್ದೇನೆ. ದಟ್ಟ ಕಾಡಿರುವ ಕಡೆ ಈ ರೇಡಾರ್ ನೆಲಕ್ಕಿಂತ ಹೆಚ್ಚಾಗಿ ಮರಗಳ ತಲೆಯ ಎತ್ತರವನ್ನೇ ಅಳೆಯುತ್ತದೆ. ಆದರೆ 100 ಮೀಟರಿನ ಅಂತರದಲ್ಲಿ ಆ ವ್ಯತ್ಯಾಸ ಕೆಲಸವನ್ನು ಕೆಡಿಸುವಷ್ಟಿಲ್ಲ.

ಪದರಗಳನ್ನು ಜೋಡಿಸುತ್ತ ಹೋದಂತೆ ಕೆಲವು ಸಂಗತಿಗಳು ತಾವಾಗಿಯೇ ಎದ್ದು ಕಂಡವು. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರವಿದ್ದು ಕೊನೆಯ ಪದರಕ್ಕೆ ಉಗುರಿನಷ್ಟು ಜಾಗವನ್ನು ಪಡೆಯುತ್ತದೆ. ಬಾಬಾಬುಡನ್‌ಗಿರಿಯ ಎತ್ತರ 1,895 ಮೀಟರ್. ಹದಿನೇಳನೆಯ ಶತಮಾನದಲ್ಲಿ ಯೆಮೆನ್‌ನ ಮೋಖಾದಿಂದ ಏಳು ಕಾಫಿ ಬೀಜಗಳು ಬಂದವೆಂಬ ಪ್ರತೀತಿಯುಳ್ಳ ಆ ಗಿರಿ, ಐದೇ ಮೀಟರಿನ ಕೊರತೆಯಿಂದ ಹದಿಮೂರನೆಯ ಪದರವನ್ನು ತಪ್ಪಿಸಿಕೊಳ್ಳುತ್ತದೆ. ನಿಯಮವನ್ನು ಸಡಿಲಿಸಲು ಮನಸ್ಸಾಯಿತು, ಸಡಿಲಿಸಲಿಲ್ಲ. ಪೂರ್ವದ ದೇವೀರಮ್ಮನ ಬೆಟ್ಟದ ರೇಖೆಗಳು ಹೆಚ್ಚುಕಡಿಮೆ ದುಂಡಾಗಿಯೇ ಬಂದಿವೆ. ದೀಪಾವಳಿಯ ಹೊತ್ತಿಗೆ ಬರಿಗಾಲಿನಲ್ಲಿ ಅದನ್ನು ಹತ್ತುವವರಿಗೆ ಎಲ್ಲ ಮಗ್ಗುಲೂ ಒಂದೇ ಸಮನೆ ಕಡಿದು ಎನಿಸುವುದೇಕೆಂದು ಆ ಉಂಗುರಗಳನ್ನು ನೋಡಿದರೆ ಅರ್ಥವಾಗುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದುದು ಶ್ರೇಣಿಯ ಒಳಮೈಗೂ ಹೊರಮೈಗೂ ಇರುವ ಅಂತರ. ಚಿಕ್ಕಮಗಳೂರು ಪಟ್ಟಣವೇ ಸುಮಾರು 1,090 ಮೀಟರ್ ಎತ್ತರದಲ್ಲಿರುವುದರಿಂದ ಹೊರಗಿನಿಂದ ಬೆಟ್ಟ ಎಂಟುನೂರು ಚಿಲ್ಲರೆ ಮೀಟರ್ ಮಾತ್ರ ಏರುತ್ತದೆ. ಒಳಗಿನ ಕಣಿವೆಯಾದರೋ ಊರಿಗಿಂತ ಸಾಕಷ್ಟು ತಗ್ಗಿನಲ್ಲಿದೆ. ಕಣಿವೆಯೊಳಗಿನ ಮುತ್ತೋಡಿಯ ಕಾಡಿನ ಕಡೆಯಿಂದ ಅದೇ ಏಣು, ಅಂದರೆ ಬೆಟ್ಟದ ನೆತ್ತಿಯ ಸಾಲು, ಇನ್ನೂ ಎತ್ತರವಾಗಿ ಕಾಣುವುದು ಈ ಕಾರಣಕ್ಕೆ. 1951ರಲ್ಲಿ ಜಾಗರ ಕಣಿವೆಯ ವನ್ಯಧಾಮವಾಗಿ ಘೋಷಿತವಾದ ಈ ಒಳಪ್ರದೇಶ ಈಗ ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಭಾಗವಾಗಿದೆ. ಹೀಗಾಗಿ ಒಳಮೈಯ ಪರಿಶೀಲನೆಯನ್ನು ಸಫಾರಿ ದಾರಿಯಿಂದ ಕಾಣುವಷ್ಟಕ್ಕೇ ಸೀಮಿತಗೊಳಿಸಬೇಕಾಯಿತು. ಹೊರಮೈಯನ್ನು ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ ಮತ್ತು ಕೆಮ್ಮಣ್ಣುಗುಂಡಿಗಳಿಂದ ತೆಗೆದ ಚಿತ್ರಗಳೊಂದಿಗೆ ಹೋಲಿಸಿ ನೋಡಿದೆ. ಏಣುಗಳ ಸಾಲು ಚೆನ್ನಾಗಿಯೇ ಹೊಂದಿಕೊಂಡಿತು.

ಬಣ್ಣದ ವಿಷಯದಲ್ಲಿ ಬಹಳ ಯೋಚಿಸಬೇಕಾಯಿತು. ಇಲ್ಲಿನ ನೆತ್ತಿಯಲ್ಲಿ ಹುಲ್ಲುಗಾವಲು, ನೀರು ಇಂಗಿ ನಿಲ್ಲುವ ಮಡಿಕೆಗಳಲ್ಲಿ ಶೋಲಾ ಕಾಡು, ಅದರ ಕೆಳಗೆ ಮರಗಳ ನೆರಳಿನಲ್ಲಿ ಕಾಫಿ ತೋಟ, ಕಣಿವೆಯ ತಳದಲ್ಲಿ ತೇಗ ಮತ್ತು ಬಿದಿರಿನ ಎಲೆಯುದುರುವ ಕಾಡು. ಮಳೆಗಾಲದ ಬಣ್ಣ ಬಳಿದರೆ ಎಲ್ಲವೂ ಹಸಿರಾಗಿ ಒಂದರೊಳಗೊಂದು ಬೆರೆತುಹೋಗುತ್ತದೆ. ಫೆಬ್ರುವರಿಯಲ್ಲಿ ಹುಲ್ಲು ಒಣಗಿ ಕಂದಾಗಿರುತ್ತದೆ, ಶೋಲಾ ಮಾತ್ರ ಕಡುಹಸಿರಾಗಿಯೇ ಉಳಿಯುತ್ತದೆ. ಎರಡರ ಗಡಿ ಗೆರೆ ಎಳೆದಷ್ಟು ಸ್ಪಷ್ಟವಾಗಿರುತ್ತದೆ. ಪ್ರವಾಸದ ಭಿತ್ತಿಚಿತ್ರಗಳಿಗೆ ಈ ಕಂದು ಬಣ್ಣ ಹಿಡಿಸಲಾರದು, ಆದರೂ ಫೆಬ್ರುವರಿಯನ್ನೇ ಆರಿಸಿಕೊಂಡೆ. ದಕ್ಷಿಣ ಭಾಗದ ಬಣ್ಣ ಮುಗಿದಿದೆ; ಕೆಮ್ಮಣ್ಣುಗುಂಡಿಯ ಕಡೆ, ಹಿಂದೆ ಭದ್ರಾವತಿಯ ಕಾರ್ಖಾನೆಗಾಗಿ ಕಬ್ಬಿಣದ ಅದಿರನ್ನು ಅಗೆದ ನೆಲಕ್ಕೆ ಬೇರೆಯೇ ಕೆಂಪು ಬೇಕಾಗಿದೆ.

ಸದ್ಯ ಹೊಳೆಗಳನ್ನು ನೀಲಿ ದಾರದಿಂದ ಕೂರಿಸುತ್ತಿದ್ದೇನೆ. ಪೂರ್ವಕ್ಕೆ ಇಳಿಯುವ ವೇದಾ ಹೊಳೆ ಅಯ್ಯನಕೆರೆಯನ್ನು ತುಂಬಿ, ಕಡೂರಿನ ಬಳಿ ಅವತಿಯನ್ನು ಕೂಡಿಕೊಂಡು ವೇದಾವತಿಯಾಗುತ್ತದೆ. ಒಳಗಿನ ಸೋಮವಾಹಿನಿ ಭದ್ರೆಗೆ ಸೇರುತ್ತದೆ. ಏಣಿನ ಎರಡು ಬದಿಗೆ ಬೇರೆಯಾದ ಈ ನೀರು ಬಹುದೂರ ಸುತ್ತಿ ಕೊನೆಗೆ ಕೃಷ್ಣೆಯ ಉಪನದಿಯಾದ ತುಂಗಭದ್ರೆಯಲ್ಲಿ ಒಂದಾಗುತ್ತದೆ. ದಕ್ಷಿಣಕ್ಕೆ ಹರಿಯುವ ಯಗಚಿ ಮಾತ್ರ ಬೇಲೂರನ್ನು ಹಾದು ಗೊರೂರಿನ ಬಳಿ ಹೇಮಾವತಿಯನ್ನು ಸೇರಿ ಕಾವೇರಿಯ ಪಾಲಾಗುತ್ತದೆ. ಆದ್ದರಿಂದ ಯಗಚಿಗೆ ಬೇರೆ ಬಣ್ಣದ ದಾರವನ್ನು ಬಳಸಿದ್ದೇನೆ. ಕೃಷ್ಣಾ ಮತ್ತು ಕಾವೇರಿ ಕೊಳ್ಳಗಳ ಗಡಿ ಎಲ್ಲಿ ಹಾಯುತ್ತದೆ ಎಂಬುದು ಈಗ ಹಲಗೆಯ ಮೇಲೆ ಬೆರಳಿಟ್ಟು ತೋರಿಸುವಂತಾಗಿದೆ.

ಉಳಿದಿರುವುದು ಉತ್ತರದ ತೋಳಿನ ಬಣ್ಣ ಮತ್ತು ವಾಯವ್ಯದ ಅಂಚು. ಮಳೆಗಾಲದಲ್ಲಿ ರಟ್ಟು ತೇವವನ್ನು ಹೀರಿ ಡೊಂಕಾಗುವುದರಿಂದ, ಮುಗಿದ ಭಾಗಕ್ಕೆ ವಾರ್ನಿಷ್ ಬಳಿದು, ಉಳಿದ ಹಾಳೆಗಳನ್ನು ಭಾರ ಹೇರಿ ಇಟ್ಟಿದ್ದೇನೆ. ವಾಯವ್ಯದ ಅಂಚನ್ನು ಲಕ್ಕವಳ್ಳಿಯ ಜಲಾಶಯ ಕಾಣುವವರೆಗೆ ಹಿಗ್ಗಿಸಬೇಕೆಂದರೆ ಎರಡನೆಯ ಹಲಗೆ ಬೇಕಾಗುತ್ತದೆ. ಅದಕ್ಕೆ ಬೇಕಾದ ರೇಖೆಗಳನ್ನು ಈಗಾಗಲೇ ಮುದ್ರಿಸಿಕೊಂಡಿದ್ದೇನೆ.