ಯಾರಿಗಾಗಿ ಬಿಟ್ಟಳು?

ಯಾರಿಗಾಗಿಯೂ ಅಲ್ಲ.

ಇಷ್ಟು ಸಾಕೆನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಬಾಯಲ್ಲಿ ಹೇಳಿ ಹೇಳಿ ಬೇಸತ್ತು ಉಳಿದದ್ದನ್ನು ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸಿ ನನ್ನ ಪಾಡಿಗೆ ನಾನಿರುತ್ತೇನೆ.

ಪ್ರಶ್ನೆ ಸ್ವೀಡನ್ನಿನ ರಾಣಿ ಕ್ರಿಸ್ಟೀನಾಳ ಬಗ್ಗೆ. ಹುಟ್ಟಿದ್ದು 1626ರಲ್ಲಿ. ಆರು ವರ್ಷ ತುಂಬುವ ಮೊದಲೇ ಅಪ್ಪ ಎರಡನೆಯ ಗುಸ್ತಾವ್ ಅಡಾಲ್ಫ್ ಜರ್ಮನಿಯ ಲ್ಯುಟ್ಸೆನ್ ರಣರಂಗದಲ್ಲಿ ಸತ್ತ, ಮಗು ರಾಣಿಯಾಯಿತು. ಹದಿನೆಂಟು ತುಂಬಿದಾಗ, 1644ರ ಕೊನೆಯಲ್ಲಿ, ಆಡಳಿತ ಅವಳ ಕೈಗೆ ಬಂತು. ಹತ್ತು ವರ್ಷವೂ ತುಂಬಲಿಲ್ಲ, 1654ರ ಜೂನ್ 6ರಂದು ಉಪ್ಸಾಲಾ ಕೋಟೆಯಲ್ಲಿ ತುಂಬಿದ ಸಭೆಯ ಎದುರು ಕಿರೀಟ ಇಳಿಸಿದಳು. ಅದನ್ನು ಅವಳ ತಲೆಯಿಂದ ತೆಗೆಯಬೇಕಾಗಿದ್ದ ಪೇರ್ ಬ್ರಾಹೆ ಎಂಬ ಹಿರಿಯ ಅಧಿಕಾರಿ ಕೈ ಮುಂದೆ ಮಾಡಲಿಲ್ಲವಾಗಿ ತಾನೇ ತೆಗೆದಳು. ಅದೇ ದಿನ ಅವಳ ಸೋದರತ್ತೆಯ ಮಗ ಕಾರ್ಲ್ ಗುಸ್ತಾವ್‌ಗೆ ಪಟ್ಟವಾಯಿತು. ಇವಳು ಗಂಡುಡುಗೆ ತೊಟ್ಟು, ಬೇರೆ ಹೆಸರು ಹೇಳಿಕೊಂಡು, ಡೆನ್ಮಾರ್ಕ್ ದಾಟಿ ಹೊರಟುಹೋದಳು. ಅದೇ ವರ್ಷದ ಕ್ರಿಸ್‌ಮಸ್ ಹಿಂದಿನ ದಿನ ಬ್ರಸೆಲ್ಸ್‌ನಲ್ಲಿ ಗುಟ್ಟಾಗಿಯೂ, 1655ರ ನವೆಂಬರಿನಲ್ಲಿ ಇನ್ಸ್‌ಬ್ರುಕ್‌ನಲ್ಲಿ ಬಹಿರಂಗವಾಗಿಯೂ ಕ್ಯಾಥೊಲಿಕ್ ಮತಕ್ಕೆ ಸೇರಿದಳು. ಆಮೇಲೆ ರೋಮ್. 1689ರಲ್ಲಿ ಅಲ್ಲಿಯೇ ಸತ್ತಳು.

ಇವಳ ಬಗ್ಗೆ ಒಂದು ವಾರಪತ್ರಿಕೆಗೆ ಲೇಖನ ಬರೆದ ತಪ್ಪಿಗೆ ಅಂದಿನಿಂದ ಇಂದಿನವರೆಗೂ ನನ್ನನ್ನು ಕೇಳುವುದು ಒಂದೇ: ‘ಯಾರಿಗಾಗಿ ಬಿಟ್ಟಳು?’ ಏಕೆ ಬಿಟ್ಟಳು ಎಂದು ಕೇಳಿದರೆ ನನಗೆ ಸಿಟ್ಟು ಬರುವುದಿಲ್ಲ. ಹೇಗೆ ಬಿಟ್ಟಳು ಎಂದು ಕೇಳಿದರೆ ಕಾಫಿ ಮಾಡಿಕೊಟ್ಟು ಕೂರಿಸಿಕೊಳ್ಳುತ್ತೇನೆ. ಆದರೆ ‘ಯಾರಿಗಾಗಿ’ ಎನ್ನುವುದರೊಳಗೇ ಉತ್ತರ ಕುಳಿತಿದೆ. ಹೆಂಗಸು ಸಿಂಹಾಸನ ಬಿಟ್ಟಳು ಎಂದರೆ ಅದರ ಆಚೆ ಒಬ್ಬ ಗಂಡಸು ನಿಂತಿರಲೇಬೇಕು, ನಾನು ಅವನ ಹೆಸರು ಹೇಳಿಬಿಟ್ಟರೆ ಸಾಕು.

ಹೆಸರುಗಳಿಗೇನೂ ಬರವಿಲ್ಲ. ಆಸ್ಥಾನದ ಚೆಲುವ ಮಾಗ್ನುಸ್ ಗಾಬ್ರಿಯೆಲ್ ಡೆ ಲಾ ಗಾರ್ಡೀಯನ್ನು ಅವಳು ಎತ್ತಿ ಕೂರಿಸಿದ್ದು ನಿಜ, ಅವನು ಅವಳಿಗೆ ಬೆಳ್ಳಿಯ ಸಿಂಹಾಸನ ಕೊಟ್ಟದ್ದೂ ನಿಜ. ಪದತ್ಯಾಗಕ್ಕೆ ಮೊದಲೇ ಅವನನ್ನು ಆಸ್ಥಾನದಿಂದ ಹೊರಗೆ ಹಾಕಿದ್ದಳು. ಗೆಳತಿ ಎಬ್ಬಾ ಸ್ಪಾರೆಯನ್ನು ಮನಸಾರೆ ಪ್ರೀತಿಸಿದ್ದಳೆಂದು ಅವಳ ಪತ್ರಗಳೇ ಹೇಳುತ್ತವೆ. ಎಬ್ಬಾ ಉಳಿದದ್ದು ಸ್ವೀಡನ್ನಿನಲ್ಲಿ, ಇವಳು ಹೋದದ್ದು ಅಲ್ಲಿಂದ ಆಚೆಗೆ. ರೋಮಿನ ಕಾರ್ಡಿನಲ್ ಅಝ್ಝೊಲೀನೊ ಇದ್ದನಲ್ಲ ಎನ್ನುವ ಜಾಣರಿದ್ದಾರೆ. ಅವನ ಮುಖ ಕಂಡದ್ದೇ ಸಿಂಹಾಸನ ಬಿಟ್ಟು ವರ್ಷ ಕಳೆದ ಮೇಲೆ. ಡೆಕಾರ್ಟ್? ಬೆಳಗಿನ ಐದು ಗಂಟೆಗೆ ಪಾಠ ಹೇಳಿಸಿಕೊಂಡು ಚಳಿಯಲ್ಲಿ ಕೊಂದಳು ಎನ್ನುತ್ತಾರಲ್ಲ, ಆ ತತ್ತ್ವಜ್ಞಾನಿ. ಅವನು 1650ರ ಫೆಬ್ರುವರಿಯಲ್ಲಿ ಸತ್ತದ್ದು ಶ್ವಾಸಕೋಶದ ಜ್ವರದಿಂದ. ಅವನು ಉಳಿದುಕೊಂಡಿದ್ದ ಮನೆಯ ಯಜಮಾನ, ಫ್ರೆಂಚ್ ರಾಯಭಾರಿ ಶಾನ್ಯು, ಅದಕ್ಕೆ ಸ್ವಲ್ಪ ಮೊದಲು ಅದೇ ಕಾಯಿಲೆಯಲ್ಲಿ ಮಲಗಿದ್ದ. ರಾಯಭಾರಿಯ ಕೆಮ್ಮಿನ ಬಗ್ಗೆ ಯಾರೂ ಲಾವಣಿ ಕಟ್ಟುವುದಿಲ್ಲ.

ಹಾಗಾದರೆ ಅವಳು ಹೆಂಗಸೇ ಅಲ್ಲವೇನೋ ಎಂಬ ಅನುಮಾನಕ್ಕೂ ಹಳೆಯ ಇತಿಹಾಸವಿದೆ. 1965ರಲ್ಲಿ ರೋಮಿನಲ್ಲಿ ಅವಳ ಗೋರಿ ತೆರೆದು ಮೂಳೆಗಳನ್ನು ಅಳೆದು ನೋಡಿದರು. ಹೆಂಗಸಿನದೇ ಅಸ್ಥಿಪಂಜರ. ಸಿಂಹಾಸನ ಬಿಟ್ಟ ರಾಜನೊಬ್ಬನ ಗೋರಿಯನ್ನು ಅವನು ಗಂಡಸು ಹೌದೋ ಅಲ್ಲವೋ ಎಂದು ತೆರೆದದ್ದನ್ನು ನಾನಂತೂ ಕೇಳಿಲ್ಲ.

ಈ ಪ್ರಶ್ನೆಯ ಅತ್ಯುತ್ತಮ ರೂಪವನ್ನು ನಾನು ಕೇಳಿದ್ದು ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಪಕ್ಕದ ಎಲೆಯಲ್ಲಿ ಬೀಗರ ಕಡೆಯ ಹಿರಿಯರೊಬ್ಬರಿದ್ದರು, ನನ್ನ ಲೇಖನ ಓದಿದ್ದರು. ಚಿರೋಟಿಗೆ ಹಾಲು ಹಾಕಿಸಿಕೊಳ್ಳುತ್ತ ಕೇಳಿದರು: ‘ಅಲ್ಲಮ್ಮ, ಸೋದರತ್ತೆಯ ಮಗ ಮನೆಯಲ್ಲೇ ಇದ್ದನಲ್ಲ. ಅವನನ್ನೇ ಮಾಡಿಕೊಂಡಿದ್ದರೆ ರಾಜ್ಯವೂ ಉಳಿಯುತ್ತಿತ್ತು, ಸಂಬಂಧವೂ ಉಳಿಯುತ್ತಿತ್ತು. ಯಾರಿಗಾಗಿ ಎಲ್ಲವನ್ನೂ ಬಿಟ್ಟಳು?’

ನಾನು ಸಮಾಧಾನದಿಂದಲೇ ಹೇಳಿದೆ. ಅವಳ ಮಂತ್ರಿಗಳೂ ಅದನ್ನೇ ಹೇಳಿದ್ದರು, ಹುಡುಗಾಟದ ವಯಸ್ಸಿನಲ್ಲಿ ಅವರಿಬ್ಬರೂ ಗುಟ್ಟಾಗಿ ಮಾತು ಕೊಟ್ಟುಕೊಂಡದ್ದೂ ಉಂಟು. ಆಮೇಲೆ ಅವಳ ಮನಸ್ಸು ತಿರುಗಿತು. ಮದುವೆಯೇ ಬೇಡ ಎಂದು 1649ರಲ್ಲಿ ಸಭೆಗೆ ನೇರವಾಗಿ ತಿಳಿಸಿ, ‘ಅವನನ್ನು ನನ್ನ ಗಂಡನಾಗಿ ಅಲ್ಲ, ಉತ್ತರಾಧಿಕಾರಿಯಾಗಿ ಒಪ್ಪಿಕೊಳ್ಳಿ’ ಎಂದು ಹಟ ಹಿಡಿದು ಒಪ್ಪಿಸಿದಳು. ಹಿರಿಯರು ಹಪ್ಪಳ ಮುರಿದರು. ‘ಮದುವೆ ಬೇಡ ಎನ್ನುವುದಕ್ಕೆ ಕಾರಣ ಅಂತ ಒಂದು ಇರಬೇಕಲ್ಲ’ ಎಂದರು. ಅವರ ಕಣ್ಣು ಆಗ ಹದಿನೇಳನೆಯ ಶತಮಾನದ ಸ್ಟಾಕ್‌ಹೋಮ್ ಮೇಲಿರಲಿಲ್ಲ, ನನ್ನ ಬರಿಗೊರಳಿನ ಮೇಲಿತ್ತು. ಪದವಿ ಕಾಲೇಜಿನಲ್ಲಿ ಯುರೋಪಿನ ಇತಿಹಾಸ ಪಾಠ ಮಾಡಿ ನಿವೃತ್ತಳಾದ ಅವಿವಾಹಿತೆ ನಾನು. ಮಜ್ಜಿಗೆ ಬರುವವರೆಗೂ ನಾನು ಮತ್ತೆ ಬಾಯಿ ತೆರೆಯಲಿಲ್ಲ.

ಇನ್ನೊಂದು ಬಣವಿದೆ. ಇವರಿಗೆ ಪ್ರೇಮ ಬೇಡ, ವೈರಾಗ್ಯ ಬೇಕು. ‘ನಮ್ಮ ಬಾಹುಬಲಿಯ ಹಾಗೆ, ಗೆದ್ದ ರಾಜ್ಯವನ್ನು ಬಿಟ್ಟು ನಡೆದಳು’ ಎಂದು ಕೈ ಮುಗಿಯುತ್ತಾರೆ. ದಯವಿಟ್ಟು ಬೇಡ. ವಿಂಧ್ಯಗಿರಿಯ ಮೇಲೆ ನಿಂತವನ ಮೈಮೇಲೆ ಬಟ್ಟೆಯೂ ಇಲ್ಲ. ಇವಳು ಹೊರಡುವ ಮೊದಲೇ ಚಿತ್ರಗಳು, ಹಸ್ತಪ್ರತಿಗಳು, ಚಿತ್ರಗಂಬಳಿಗಳೆಲ್ಲ ಪೆಟ್ಟಿಗೆ ಸೇರಿ ಹಡಗು ಹತ್ತಿದ್ದವು. ಅವುಗಳಲ್ಲಿ ಎಷ್ಟೋ 1648ರಲ್ಲಿ ಸ್ವೀಡನ್ನಿನ ಸೈನ್ಯ ಪ್ರಾಗ್ ನಗರದಿಂದ ಹೊತ್ತು ತಂದ ಲೂಟಿ. ಅದಲ್ಲದೆ ಗೋಟ್‌ಲ್ಯಾಂಡ್, ಓಲ್ಯಾಂಡ್, ಓಸೆಲ್ ದ್ವೀಪಗಳು, ನೋರ್‌ಶೆಪಿಂಗ್ ಪಟ್ಟಣ, ಜರ್ಮನಿಯ ಪೊಮೆರೇನಿಯಾದ ಜಮೀನುಗಳು, ಇಷ್ಟರ ಕಂದಾಯ ಬದುಕಿರುವವರೆಗೂ ತನಗೆ ಸಲ್ಲಬೇಕೆಂದು ಬರೆಸಿಕೊಂಡೇ ಕಿರೀಟ ಇಳಿಸಿದ್ದು. ಲೆಕ್ಕದ ಪ್ರಕಾರ ವರ್ಷಕ್ಕೆ ಸುಮಾರು 2 ಲಕ್ಷ ರಿಕ್ಸ್‌ಡಾಲರ್. ಇದಕ್ಕೆ ಪಿಂಚಣಿ ಎನ್ನಿ, ತ್ಯಾಗ ಎನ್ನಬೇಡಿ.

ಏಕೆ ಬಿಟ್ಟಳು ಎನ್ನುವುದಕ್ಕೆ ಒಣ ಉತ್ತರವೊಂದಿದೆ. ಅವಳಿಗೆ ಕ್ಯಾಥೊಲಿಕ್ ಆಗಬೇಕಿತ್ತು, ಸ್ವೀಡನ್ನಿನಲ್ಲಿ ಕ್ಯಾಥೊಲಿಕ್ ಆದವರು ಆಳುವಂತಿರಲಿಲ್ಲ. 1593ರಲ್ಲಿ ಉಪ್ಸಾಲಾದಲ್ಲಿ ಸೇರಿದ ಪಾದ್ರಿಗಳ ಮಹಾಸಭೆ ದೇಶದ ಮತ ಪೋಪನನ್ನು ಒಪ್ಪದ ಲೂಥರನದೇ ಎಂದು ಕಟ್ಟುನಿಟ್ಟಾಗಿ ಬರೆದಿಟ್ಟಿತ್ತು. ಕ್ಯಾಥೊಲಿಕ್ ಆಗಿದ್ದ ರಾಜ ಸಿಗಿಸ್ಮಂಡ್ 1599ರಲ್ಲಿ ಸಿಂಹಾಸನವನ್ನೇ ಕಳೆದುಕೊಂಡಿದ್ದ. 1617ರ ಶಾಸನದ ಪ್ರಕಾರ ಕ್ಯಾಥೊಲಿಕ್ ಆದ ಪ್ರಜೆಗೆ ಗಡೀಪಾರು. ಆ ಶಾಸನ ತಂದವನು ಇವಳ ಅಪ್ಪ. ಲೂಥರನ ಮತಕ್ಕಾಗಿಯೇ ಕುದುರೆ ಏರಿ ಸತ್ತನೆಂದು ಅರ್ಧ ಯುರೋಪು ಅವನನ್ನು ಹಾಡಿ ಹೊಗಳುತ್ತಿತ್ತು.

ಹಾಗಿದ್ದೂ ಅವಳು ಮೊದಲು ಎರಡನ್ನೂ ಇಟ್ಟುಕೊಳ್ಳಲು ನೋಡಿದಳು. 1651ರಲ್ಲಿ ಪೋರ್ಚುಗಲ್ ರಾಯಭಾರಿಯ ಜೊತೆ ಬಂದಿದ್ದ ಮಾಸೆಡೊ ಎಂಬ ಜೆಸ್ಯೂಟ್ (ಒಂದು ಕ್ಯಾಥೊಲಿಕ್ ಸಂಘ) ಪಾದ್ರಿಯ ಕೈಯಲ್ಲಿ ರೋಮಿಗೆ ಗುಟ್ಟಿನ ಪತ್ರ ಕಳುಹಿಸಿದಳು. ಮರುವರ್ಷ ಕಸಾಟಿ, ಮಲಿನೆಸ್ ಎಂಬ ಇಬ್ಬರು ಜೆಸ್ಯೂಟರು ಪ್ರವಾಸಿ ಗಣ್ಯರ ವೇಷದಲ್ಲಿ ಸ್ಟಾಕ್‌ಹೋಮಿಗೆ ಬಂದರು. ಅವರನ್ನು ಕೂರಿಸಿಕೊಂಡು ಕೇಳಿದ ಪ್ರಶ್ನೆಗಳಲ್ಲಿ ಒಂದು ಇದು: ಒಳಗೆ ಕ್ಯಾಥೊಲಿಕ್ ಆಗಿದ್ದುಕೊಂಡು, ವರ್ಷಕ್ಕೊಮ್ಮೆ ಮಾತ್ರ ಜನರ ಕಣ್ಣಿಗೆ ಲೂಥರನ್ ಪ್ರಸಾದ ತೆಗೆದುಕೊಳ್ಳಲು ಪೋಪ್ ಅನುಮತಿ ಕೊಡಬಹುದೇ? ಕೊಡಲಾರರು ಎಂದರು. ವೈರಾಗ್ಯದ ಬಣದವರು ಇದನ್ನು ಎರಡು ಸಲ ಓದಬೇಕು.

ಇಷ್ಟು ಹೇಳಿದ ಮೇಲೆ, ಯಾರೂ ಕೇಳದ ಪ್ರಶ್ನೆಗೆ ಬರುತ್ತೇನೆ. ಇದನ್ನು ಕೇಳಲಿ ಎಂದು ನಾನು ಎಷ್ಟೋ ಕಾಲದಿಂದ ಕಾಯುತ್ತಿದ್ದೇನೆ: 1650ರ ಶರತ್ಕಾಲದಲ್ಲಿ ಸ್ಟಾಕ್‌ಹೋಮಿನಲ್ಲಿ ಪಾದ್ರಿಗಳಿಗೂ ರೈತರಿಗೂ ಏನಾಯಿತು?

ಸ್ವೀಡನ್ನಿನ ರಿಕ್ಸ್‌ಡಾಗ್ ಸಭೆಯಲ್ಲಿ ನಾಲ್ಕು ವರ್ಗಗಳು: ಶ್ರೀಮಂತ ಮನೆತನದವರು, ಪಾದ್ರಿಗಳು, ಪಟ್ಟಣಿಗರು, ರೈತರು. ಆ ಕಾಲದ ಯುರೋಪಿನಲ್ಲಿ ಮಣ್ಣು ಮೆತ್ತಿದ ಕಾಲಿನವರಿಗೆ ಸಭೆಯಲ್ಲಿ ಜಾಗವಿದ್ದ ದೇಶಗಳು ತೀರ ಕಡಿಮೆ. ಆದರೆ ಯುದ್ಧಗಳ ಖರ್ಚಿಗೆ ಅರಮನೆ ತನ್ನ ಜಮೀನನ್ನು ಮಾರುತ್ತ, ಸೇನಾಪತಿಗಳಿಗೆ ಉಂಬಳಿ ಕೊಡುತ್ತ ಬಂದಿತ್ತು. ಕ್ರಿಸ್ಟೀನಾ ಅದನ್ನು ವಿಪರೀತಕ್ಕೆ ಒಯ್ದಳು. ಹತ್ತು ವರ್ಷಗಳಲ್ಲಿ ಅವಳು ಹೊಸದಾಗಿ ಶ್ರೀಮಂತ ಪದವಿಗೆ ಏರಿಸಿದ್ದು 17 ಕೌಂಟ್‌ಗಳು, 46 ಬ್ಯಾರನ್‌ಗಳು, ಕೆಳಗಿನ ಪದವಿಯವರು ನಾನೂರಕ್ಕೂ ಹೆಚ್ಚು. ಅವಳ ದರ್ಜಿಯೂ ಆ ಸಾಲಿನಲ್ಲಿ ಸೇರಿದ. ಪದವಿ ಕೊಟ್ಟ ಮೇಲೆ ಅದಕ್ಕೆ ತಕ್ಕ ಭೂಮಿಯನ್ನೂ ಕೊಡಬೇಕಲ್ಲ. ಅರಮನೆಗೆ ಕಂದಾಯ ಕಟ್ಟುತ್ತಿದ್ದ ರೈತ ಬೆಳಗಾಗುವುದರೊಳಗೆ ಒಬ್ಬ ಧಣಿಗೆ ಕಟ್ಟಬೇಕಾಯಿತು, ಧಣಿಯ ಹೊಲದಲ್ಲಿ ಬಿಟ್ಟಿ ದುಡಿಯಬೇಕಾಯಿತು. ಧಣಿಯ ಸ್ವಂತ ಒಕ್ಕಲಾದವನಿಗೆ ರಿಕ್ಸ್‌ಡಾಗ್‌ನಲ್ಲಿ ಕೂರುವ ಹಕ್ಕೂ ಇಲ್ಲ. ಪಾದ್ರಿಗಳಿಗೆ ಅವರದೇ ಸಂಕಟ. ಊರಿನ ಚರ್ಚಿಗೆ ಯಾರನ್ನು ನೇಮಿಸಬೇಕೆಂದು ಧಣಿಗಳು ಹೇಳತೊಡಗಿದ್ದರು. ಇದರ ಮೇಲೆ ಬೆಳೆ ಕೈಕೊಟ್ಟು, ಅಂಥ ಬರವನ್ನು ಆ ಶತಮಾನ ಕಂಡಿರಲಿಲ್ಲ.

ರಾಣಿಯ ತಡವಾದ ಪಟ್ಟಾಭಿಷೇಕಕ್ಕೆಂದು ಕರೆದ ಸಭೆಯಲ್ಲಿ ಮೂರು ಕೆಳ ವರ್ಗಗಳು ಒಂದಾದವು. ಮುಂದೆ ನಿಂತವನು ಉಪ್ಸಾಲಾದ ಪ್ರಾಧ್ಯಾಪಕ, ಪಾದ್ರಿ ಟೆರ್ಸೇರುಸ್. ಕೊಟ್ಟ ಜಮೀನನ್ನೆಲ್ಲ ಅರಮನೆ ಹಿಂದಕ್ಕೆ ಪಡೆಯಲಿ ಎಂದು ಅಕ್ಟೋಬರಿನಲ್ಲಿ ಲಿಖಿತ ಪ್ರತಿಭಟನೆ ಸಲ್ಲಿಸಿದರು. ರಾಣಿ ಬೈಯಲಿಲ್ಲ. ಒಳಗೊಳಗೆ ಬೆನ್ನು ತಟ್ಟಿದಳು. ಏಕೆಂದರೆ ಅವಳಿಗೆ ಬೇಕಾದದ್ದು ಬೇರೆ. ಕಾರ್ಲ್ ಗುಸ್ತಾವ್ ಬರೀ ಉತ್ತರಾಧಿಕಾರಿಯಾದರೆ ಸಾಲದು, ಅವನ ವಂಶಕ್ಕೇ ಸಿಂಹಾಸನದ ಹಕ್ಕು ಸಿಗಬೇಕು. ವೃದ್ಧ ಚಾನ್ಸಲರ್ ಆಕ್ಸೆಲ್ ಒಕ್ಸೆನ್‌ಶೇರ್ನಾ ಮತ್ತು ಅವನ ಶ್ರೀಮಂತ ಬಳಗ ಅದಕ್ಕೆ ಅಡ್ಡ ನಿಂತಿದ್ದರು. ಈಗ ಬಾಗಿಲಲ್ಲಿ ಪಾದ್ರಿಗಳೂ ರೈತರೂ ಬಂದು ನಿಂತರಲ್ಲ, ಶ್ರೀಮಂತರು ಗಡಗಡ ನಡುಗಿ ಒಪ್ಪಿಕೊಂಡರು. ಸಹಿ ಬಿದ್ದ ಕೂಡಲೇ ರಾಣಿ ಮೂರೂ ವರ್ಗಗಳ ಕೈ ಬಿಟ್ಟಳು. ಪಾದ್ರಿಗಳಿಗೆ ಒಂದು ಸವಲತ್ತಿನ ಸನ್ನದು, ರೈತರಿಗೆ ಒಂದಿಷ್ಟು ಸಮಾಧಾನದ ಮಾತು, ಜಮೀನು ಮಾತ್ರ ಇದ್ದಲ್ಲೇ ಇತ್ತು. ಅಕ್ಟೋಬರ್ 20ರಂದು ಪಟ್ಟಾಭಿಷೇಕ ಆಯಿತು. ಉಂಬಳಿ ಕೊಡುವುದು ಮುಂದುವರಿಯಿತು.

ಇಪ್ಪತ್ಮೂರರ ಹುಡುಗಿ, ಯುರೋಪಿನ ಅತಿ ಪಳಗಿದ ರಾಜಕಾರಣಿಯನ್ನು ಹೀಗೆ ಮಣಿಸಿದ್ದು! ಇದನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳುವಾಗ ನನ್ನ ದನಿ ಏರುತ್ತಿತ್ತು. ಮೆಚ್ಚುಗೆಯಿಂದಲೋ ಸಿಟ್ಟಿನಿಂದಲೋ ಇಂದಿಗೂ ತೀರ್ಮಾನಿಸಿಲ್ಲ. ಲೂಥರನ ಪಾದ್ರಿಗಳನ್ನು ಊರುಗೋಲು ಮಾಡಿಕೊಂಡು ತನ್ನ ನಿರ್ಗಮನಕ್ಕೆ ದಾರಿ ಕಡಿಸಿದಳು, ವರ್ಷ ತಿರುಗುವುದರೊಳಗೆ ಪೋಪನ ಕಡೆಯವರಿಗೆ ಪತ್ರ ಬರೆದಳು. ಅವಳು ಎಲ್ಲಿಗೆ ಹೋಗುತ್ತಿದ್ದಾಳೆಂದು ಗೊತ್ತಿದ್ದರೆ ಟೆರ್ಸೇರುಸ್ ಆ ಕಾಗದವನ್ನು ಅವಳ ಕೈಗೆ ಕೊಡುತ್ತಿದ್ದನೇ?

ರೈತರಿಗಂತೂ ಕೊನೆಯವರೆಗೂ ಗೊತ್ತಾಗಲಿಲ್ಲ. 1654ರ ಮೇ ತಿಂಗಳಲ್ಲಿ ಅವಳು ಪದತ್ಯಾಗದ ಮಾತು ಸಭೆಯ ಮುಂದಿಟ್ಟಾಗ ರೈತರ ಮುಖಂಡ ಎದ್ದು ಬಂದನಂತೆ. ಅಲ್ಲಿ ಕುಳಿತು ನೋಡಿದ ಇಂಗ್ಲೆಂಡಿನ ರಾಯಭಾರಿ ವೈಟ್‌ಲಾಕ್ ಬರೆದಿಟ್ಟಿದ್ದಾನೆ. ದಪ್ಪ ಚಪ್ಪಲಿಯ ಹಳ್ಳಿಗ, ಭಾಷಣವಿಲ್ಲ, ಸಂಪ್ರದಾಯವಿಲ್ಲ. ಬದುಕಿರುವಷ್ಟು ದಿನ ಮುಂಗುದುರೆಯಾಗಿ ಎಳೆಯಿರಿ ತಾಯೀ, ಭಾರ ಹೊರಲು ನಾವಿದ್ದೇವೆ ಎಂಬರ್ಥದ ಮಾತಾಡಿ, ಅವಳ ಕೈ ಹಿಡಿದು ಕುಲುಕಿ, ಮುತ್ತಿಟ್ಟು, ಕೊಳಕು ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡು ಹಿಂದಿರುಗಿದ. ನಾಲ್ಕು ವರ್ಷಗಳ ಹಿಂದೆ ಅವಳು ಕೈಬಿಟ್ಟದ್ದು ಈ ಜನರನ್ನೇ.

ಪಾದ್ರಿಗಳು ಮಾತ್ರ ಮರೆಯಲಿಲ್ಲ. 1660ರಲ್ಲಿ ಕಾರ್ಲ್ ಗುಸ್ತಾವ್ ಸತ್ತಾಗ ಪಿಂಚಣಿಯ ಚಿಂತೆ ಹತ್ತಿ ಅವಳು ಸ್ಟಾಕ್‌ಹೋಮಿಗೆ ಓಡಿ ಬಂದಳು, ಜೊತೆಗೆ ತನ್ನ ಕ್ಯಾಥೊಲಿಕ್ ಪುರೋಹಿತರನ್ನೂ ಕರೆತಂದಳು. ಪಾದ್ರಿ ವರ್ಗ ಕೆರಳಿತು. ಅವಳಿಗೆ ಕಿರೀಟ ತೊಡಿಸಿದ್ದ ಆರ್ಚ್‌ಬಿಷಪ್ ಲೆನೇಯುಸ್ ಸೇರಿದಂತೆ ನಿಯೋಗವೊಂದು ಬಂದು ಮುಖಕ್ಕೆ ಹೊಡೆದಂತೆ ಮಾತಾಡಿತು. ಪೋಪ್ ನಮ್ಮ ಆತ್ಮಗಳಿಗೆ ಬಲೆ ಬೀಸುತ್ತಿದ್ದಾನೆ ಎಂದದ್ದಕ್ಕೆ, ‘ಪೋಪನನ್ನು ನಾನು ಬಲ್ಲೆ, ನಿಮ್ಮೆಲ್ಲರ ಆತ್ಮಗಳಿಗೆ ನಾಲ್ಕು ರಿಕ್ಸ್‌ಡಾಲರ್ ಕೂಡ ಕೊಡಲಾರ’ ಎಂದಳಂತೆ. ನಾಲಿಗೆ ಮಾತ್ರ ಕೊನೆಯವರೆಗೂ ರಾಣಿಯದೇ. ಸಿಂಹಾಸನದ ಹಕ್ಕನ್ನು ಇನ್ನೊಮ್ಮೆ ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಹಾಕಿ ಅವಳು ಮರಳಬೇಕಾಯಿತು.

ಮೂರು ವರ್ಗಗಳು 1650ರಲ್ಲಿ ಕೇಳಿದ ಜಮೀನು 1680ರಲ್ಲಿ ಅರಮನೆಗೆ ಮರಳತೊಡಗಿತು. ಮಾಡಿಸಿದವನು ಹನ್ನೊಂದನೆಯ ಕಾರ್ಲ್, ಅದೇ ಕಾರ್ಲ್ ಗುಸ್ತಾವ್‌ನ ಮಗ. ಅವನ ವಂಶಕ್ಕೆ ಸಿಂಹಾಸನ ದಕ್ಕಿದ್ದೇ ಆ ಅರ್ಜಿಯ ಹೆದರಿಕೆಯಿಂದ. ಎಷ್ಟೋ ಶ್ರೀಮಂತ ಮನೆತನಗಳು ಮಂಕಾದವು, ಬೆಳ್ಳಿ ಸಿಂಹಾಸನ ಕೊಟ್ಟ ಡೆ ಲಾ ಗಾರ್ಡೀಯ ಆಸ್ತಿಯೂ ಕೊಚ್ಚಿಹೋಯಿತು. ಟೆರ್ಸೇರುಸ್ ಅದನ್ನು ನೋಡಲಿಲ್ಲ. ನಡುವೆ ಬಿಷಪ್ ಆಗಿ, ಬರೆದ ಧರ್ಮಬೋಧೆಯಲ್ಲಿ ದೋಷವಿದೆಯೆಂದು 1664ರಲ್ಲಿ ಪದವಿ ಕಳೆದುಕೊಂಡು, ಮುಂದೆ ಲಿನ್‌ಶೆಪಿಂಗ್‌ನಲ್ಲಿ ಮತ್ತೆ ಬಿಷಪ್ ಆಗಿ, 1678ರಲ್ಲಿ ತೀರಿಕೊಂಡಿದ್ದ. ಅವನು ಯಾರಿಗಾಗಿ ಏನನ್ನು ಬಿಟ್ಟ ಎಂದು ಈವರೆಗೆ ನನ್ನನ್ನು ಯಾರೂ ಕೇಳಿಲ್ಲ. ಕೇಳಿ, ಕಾಫಿ ಕೊಡುತ್ತೇನೆ.